ಲಕ್ಷ್ಮಿಗೆ ಒಂದು ಗೇಣು ದಾರಿ

ನಮ್ಮ ನಡುಮನೆ ಸಂಜೆ ಆರು ಗಂಟೆಗೆ ಹೇಗಿರುತ್ತದೆಂಬುದನ್ನು ಬಣ್ಣಿಸುವುದು ನನ್ನಂಥ ಗದ್ಯದ ಮೇಷ್ಟರಿಗೆ ಆಗದ ಕೆಲಸ. ಕುರುಕ್ಷೇತ್ರದ ಹದಿನೆಂಟನೆಯ ದಿನದ ಸಂಜೆಯನ್ನು ಹಾಡಿದ ಕವಿಗಳೇ ಬರಬೇಕು. ಒಂದು ಕಡೆ ತೋಳು ಕಳಚಿದ ಬೊಂಬೆ. ಇನ್ನೊಂದು ಕಡೆ ಗಾಲಿ ಮುರಿದ ಲಾರಿ. ನಡುವೆ ಚೌಕಾಬಾರದ ಕವಡೆ, ಬಣ್ಣದ ಪೆನ್ಸಿಲು, ಅರ್ಧ ಕತ್ತರಿಸಿ ಬಿಟ್ಟ ಕಾಗದ, ಅಡಿಗೆಮನೆಯಿಂದ ಸೆರೆಹಿಡಿದು ತಂದ ಎರಡು ಸೌಟು. ಇವುಗಳ ಮಧ್ಯೆ, ಗೆದ್ದ ಧರ್ಮರಾಯನಿಗೂ ದೊರೆಯದ ನೆಮ್ಮದಿಯಿಂದ ಕುಳಿತಿರುವವಳು ನನ್ನ ಮಗಳು, ಐದು ವರ್ಷದ ಪುಟ್ಟಿ.

“ಎತ್ತಿಡು” ಎಂದು ನಾನು ವಿಧ್ಯರ್ಥದಲ್ಲಿ ಹೇಳುತ್ತೇನೆ. “ಎತ್ತಿಟ್ಟಾಳು” ಎಂದು ನನ್ನ ಹೆಂಡತಿ ಸಂಭಾವನಾರ್ಥದಲ್ಲಿ ಕಾಯುತ್ತಾಳೆ. ಪುಟ್ಟಿ ಮಾತನಾಡುವುದು ನಿಷೇಧಾರ್ಥದಲ್ಲಿ. ಕನ್ನಡ ಕ್ರಿಯಾಪದದ ಈ ಮೂರು ರೂಪಗಳನ್ನು ವರ್ಷವರ್ಷವೂ ತರಗತಿಯಲ್ಲಿ ಪಾಠ ಹೇಳಿದ್ದೇನಾದರೂ ಅವು ಒಂದರೊಡನೊಂದು ಹೀಗೆ ಸೆಣಸುತ್ತವೆಂಬುದು ತಿಳಿದದ್ದು ಮನೆಯಲ್ಲಿಯೇ.

ಈ ಕಗ್ಗಂಟನ್ನು ಬಿಡಿಸುವವರು ನಮ್ಮ ತಾಯಿ. ಅವರು ಎತ್ತಿಡು ಎನ್ನುವುದೇ ಇಲ್ಲ. ಸೆರಗಿಗೆ ಕೈ ಒರಸಿಕೊಳ್ಳುತ್ತ ಬಂದು ಬಾಗಿಲ ಬಳಿ ನಿಂತು, “ದೀಪ ಹಚ್ಚೋ ಹೊತ್ತಾಯ್ತಲ್ಲ ಪುಟ್ಟಿ, ಲಕ್ಷ್ಮಿ ಬರೋ ಹೊತ್ತು. ಬಾಗಿಲಿಂದ ದೇವರ ಮನೆಗೆ ಹೋಗಬೇಕಲ್ಲ, ಆ ತಾಯಿ ಕಾಲಿಡೋದು ಎಲ್ಲಿ ಹೇಳು?” ಎನ್ನುತ್ತಾರೆ. ಮೊದಲ ಸಲ ಹೀಗೆಂದಾಗ ಪುಟ್ಟಿ ಎದ್ದು ನಿಂತು, ಬಾಗಿಲಿನಿಂದ ದೇವರ ಮನೆಯ ಹೊಸಲಿನವರೆಗೆ ಒಮ್ಮೆ ನೋಡಿದಳು. ಆಮೇಲೆ ಎಡಗಾಲಿನಿಂದ ಅಷ್ಟನ್ನು ಎಡಕ್ಕೆ, ಬಲಗಾಲಿನಿಂದ ಇಷ್ಟನ್ನು ಬಲಕ್ಕೆ ತಳ್ಳಿ, ಕುರುಕ್ಷೇತ್ರದ ನಡುವೆ ಒಂದು ಗೇಣು ಅಗಲದ ದಾರಿ ಮಾಡಿದಳು.

“ಸಾಕಲ್ಲ ಅಜ್ಜಿ? ಅವಳ ಕಾಲು ಇಷ್ಟೇ ಇರೋದು.”

ಅಳತೆ ಅವಳಿಗೆ ಸಿಕ್ಕಿದ್ದು ಗೋಕುಲಾಷ್ಟಮಿಯ ದಿನ ಅಜ್ಜಿ ಅಕ್ಕಿಹಿಟ್ಟಿನಲ್ಲಿ ಬರೆದಿದ್ದ ಹೆಜ್ಜೆಗಳಿಂದ. ಅವು ಕೃಷ್ಣನ ಪಾದಗಳು, ಲಕ್ಷ್ಮಿಯವಲ್ಲ ಎಂದು ತಿದ್ದುವುದಕ್ಕೆ ನಾನು ಬಾಯಿ ತೆರೆದೆ. ತಾಯಿ ಕಣ್ಣಿನಲ್ಲಿಯೇ ತಡೆದರು. “ಕಾಲೇನೋ ಸಣ್ಣದೇ ಕಣಮ್ಮ. ಆದರೆ ಸೀರೆ ನೆರಿಗೆ ಅಗಲ. ನಿನ್ನ ಲಾರಿಗೆ ಸಿಕ್ಕಿಕೊಂಡು ಹರಿದರೆ?” ಎಂದರು. ಪುಟ್ಟಿ ಯೋಚಿಸಿದಳು. ಲಾರಿ ಮೂಲೆಗೆ ಹೋಯಿತು. ಅದರ ಹಿಂದೆ ಸೌಟುಗಳು ಹೋದವು. ದಾರಿ ಎರಡು ಗೇಣಾಯಿತು, ಮೂರಾಯಿತು. ತಾಯಿ ದೇವರ ಮುಂದೆ ದೀಪ ಹಚ್ಚಿದರು. ನಡುಮನೆಯ ವಿದ್ಯುದ್ದೀಪದ ಗುಂಡಿ ಒತ್ತಿ, ಎಂದಿನಂತೆ ಆ ಬಲ್ಬಿಗೂ ಕೈ ಮುಗಿದರು.

ಮಕ್ಕಳೊಂದಿಗರ ಮನೆಗಳಲ್ಲಿ ಇಂಥದು ಏನಾದರೊಂದು ಇದ್ದೇ ಇರುತ್ತದೆ. ಪುಸ್ತಕ ತುಳಿದರೆ ಸರಸ್ವತಿಗೆ ನೋಯುತ್ತದೆ; ಅದನ್ನೆತ್ತಿ ಕಣ್ಣಿಗೊತ್ತಿಕೊಂಡು ಜಾಗದಲ್ಲಿಡಬೇಕು. ನವಿಲುಗರಿಯನ್ನು ಪುಸ್ತಕದ ಹಾಳೆಗಳ ನಡುವೆ ಜೋಪಾನವಾಗಿಟ್ಟರೆ ಮರಿ ಹಾಕುತ್ತದೆ. ಈ ಕೊನೆಯದನ್ನು ನಮಗೆ ಯಾವ ಹಿರಿಯರೂ ಹೇಳಲಿಲ್ಲ. ನಾವೇ ಒಬ್ಬರಿಗೊಬ್ಬರು ಹೇಳಿಕೊಂಡೆವು. ಗರಿಗೆ ಆಹಾರವೆಂದು ಪೆನ್ಸಿಲ್ ಹೆರೆದ ಸಿಪ್ಪೆಯನ್ನು ಪಕ್ಕದಲ್ಲಿಟ್ಟೆವು. ಮರಿ ಹಾಕಿದ ಗರಿಯನ್ನು ಯಾರೂ ಕಾಣಲಿಲ್ಲ. ಆದರೂ ದೊಡ್ಡವರಾದ ಮೇಲೆ, ‘ನನಗೆ ಮೋಸವಾಯಿತು’ ಎಂದು ದೂರಿದವನನ್ನೂ ನಾನು ಕಂಡಿಲ್ಲ. ಈಗ ಕೆಲವು ಮನೆಗಳಲ್ಲಿ ಆಟಿಕೆ ಎತ್ತಿಟ್ಟ ದಿನ ಗೋಡೆಯ ಪಟ್ಟಿಯ ಮೇಲೆ ಒಂದು ನಕ್ಷತ್ರ ಅಂಟಿಸುತ್ತಾರೆ. ಹತ್ತು ನಕ್ಷತ್ರಕ್ಕೊಂದು ಚಾಕೊಲೆಟ್. ಅದರಲ್ಲಿ ಸುಳ್ಳಿನ ಸೋಂಕಿಲ್ಲ, ನಿಜ. ಕೂಲಿಯ ಲೆಕ್ಕದಲ್ಲಿ ಸುಳ್ಳಿರಬಾರದಷ್ಟೆ.

ಹೀಗೆ ಕಥೆ ಹೇಳಿ ಮಕ್ಕಳಿಂದ ಕೆಲಸ ಮಾಡಿಸುವುದು ಸರಿಯೇ, ತಪ್ಪೇ ಎಂಬ ಪ್ರಶ್ನೆ ನನಗೆ ಗ್ರಂಥಗಳಿಂದ ಹುಟ್ಟಿದ್ದಲ್ಲ. ನನ್ನದೇ ಒಂದು ತಪ್ಪಿನಿಂದ ಹುಟ್ಟಿತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ತಾಯಿಯವರು ಹದಿನೈದು ದಿನ ನಮ್ಮಕ್ಕನ ಮನೆಗೆ ಹೋಗಿದ್ದರು. ಅವರಿಲ್ಲದ ಸಂಜೆ ಲಕ್ಷ್ಮಿಯ ಮಾತು ನನ್ನ ಬಾಯಿಂದ ಬರಲಿಲ್ಲ. ದೇವರ ವಿಷಯದಲ್ಲಿ ನಾನು ಎರಡು ದೋಣಿಯಲ್ಲಿ ಕಾಲಿಟ್ಟವನು. ಹಬ್ಬಕ್ಕೆ ಮಡಿ ಉಡುತ್ತೇನೆ, ಉಳಿದ ದಿನ ತರಗತಿಯಲ್ಲಿ ವೈಚಾರಿಕತೆಯ ಬಗ್ಗೆ ಮಾತನಾಡುತ್ತೇನೆ. ನಂಬದ ಲಕ್ಷ್ಮಿಯನ್ನು ಮಗುವಿನ ಮುಂದೆ ನಡೆಸಿ ತರುವುದು ಸುಳ್ಳಾಗುತ್ತದೆಂದು ನನಗೆ ಸಂಕೋಚ. ಆ ಸಂಕೋಚದಿಂದ ಪಾರಾಗಲು ನಾನು ಮಾಡಿದ್ದನ್ನು ನೋಡಿ: ಶುದ್ಧ ಸುಳ್ಳೊಂದನ್ನು ಸ್ವಂತವಾಗಿ ಕಟ್ಟಿದೆ.

ಅವನ ಹೆಸರು ಗೋಣಿತಾತ. ಬಿಳಿ ಗಡ್ಡ, ಹೆಗಲ ಮೇಲೆ ಗೋಣಿಚೀಲ. ಮನೆಯವರೆಲ್ಲ ಮಲಗಿದ ಮೇಲೆ ಬರುತ್ತಾನೆ. ಕಪಾಟಿನಲ್ಲಿರುವುದನ್ನು ಮುಟ್ಟುವುದಿಲ್ಲ, ಮೇಜಿನ ಮೇಲಿರುವುದನ್ನು ಮುಟ್ಟುವುದಿಲ್ಲ; ನೆಲದ ಮೇಲಿರುವುದೆಲ್ಲ ಅವನದು. ನಿಯಮ ಸ್ಪಷ್ಟವಾಗಿರಬೇಕು, ಅಪವಾದಗಳಿಗೆ ಎಡೆಯಿರಬಾರದು ಎಂಬ ಅಧ್ಯಾಪಕ ಬುದ್ಧಿ ನನ್ನದು. ಪುಟ್ಟಿ ಕಣ್ಣರಳಿಸಿ ಕೇಳಿದಳು; ಮೊದಲ ರಾತ್ರಿ ಅರ್ಧ ಎತ್ತಿಟ್ಟಳು. ಉಳಿದರ್ಧದಲ್ಲಿ ಮೂರನ್ನು ನಾನು ಅಟ್ಟಕ್ಕೇರಿಸಿದೆ. ಅವುಗಳಲ್ಲಿ ಒಂದು ಚನ್ನಪಟ್ಟಣದ ಗಿಳಿ. ಮರದಲ್ಲಿ ಕಡೆದು ಅರಗಿನ ಬಣ್ಣ ಕೊಟ್ಟದ್ದು. ಕೊಕ್ಕಿನ ಕೆಂಪು ಅವಳು ಕಚ್ಚಿ ಕಚ್ಚಿ ಸ್ವಲ್ಪ ಮಾಸಿತ್ತು.

ಬೆಳಿಗ್ಗೆ ಅವಳು ಗಿಳಿಯನ್ನು ಹುಡುಕಿದಳು. ನಾನೂ ಹುಡುಕಿದೆ. ಮಂಚದ ಕೆಳಗೆ ಬಗ್ಗಿ ನೋಡಿದೆ, ದಿಂಬು ಕೊಡವಿದೆ, “ಅಯ್ಯೋ, ಗೋಣಿತಾತ ತಗೊಂಡು ಹೋದ ಅಂತ ಕಾಣುತ್ತೆ” ಎಂದೆ. ಕಾಲೇಜಿನ ನಾಟಕದಲ್ಲಿ ಒಮ್ಮೆಯೂ ಚಪ್ಪಾಳೆ ಗಿಟ್ಟಿಸದ ನನಗೆ ಆ ಬೆಳಿಗ್ಗೆ ಅಭಿನಯ ತಾನಾಗಿ ಬಂತು.

ಅಂದಿನಿಂದ ನಡುಮನೆ ಕನ್ನಡಿಯಂತಾಯಿತು. ಹೇಳುವ ಮೊದಲೇ ಎಲ್ಲವೂ ಬುಟ್ಟಿ ಸೇರುತ್ತಿತ್ತು. ಅಧ್ಯಾಪಕರ ಕೊಠಡಿಯಲ್ಲಿ ಇದನ್ನು ಸ್ವಲ್ಪ ಉಪ್ಪುಕಾರ ಹಚ್ಚಿ ಹೇಳಿದೆ. ಇಬ್ಬರು ಕಿರಿಯ ಸಹೋದ್ಯೋಗಿಗಳು ತಮ್ಮ ಮನೆಗೂ ಗೋಣಿತಾತನನ್ನು ಕರೆದೊಯ್ದರು. ನಾನು ಹೊಸದೊಂದನ್ನು ಸೃಷ್ಟಿಸಿದೆನೆಂದೇ ಬೀಗಿದ್ದೆ. ಸ್ಪೇನ್ ದೇಶದ ಕಡೆ ‘ಚೀಲದ ಮನುಷ್ಯ’ ಎಂಬೊಬ್ಬನು ಬಹುಕಾಲದಿಂದ ಇದ್ದಾನೆಂದು ಆಮೇಲೆ ತಿಳಿಯಿತು. ಅವನು ಆಟಿಕೆಗಳನ್ನು ಒಯ್ಯುವುದಿಲ್ಲ. ತಂಟೆ ಮಾಡುವ ಮಕ್ಕಳನ್ನೇ ಚೀಲಕ್ಕೆ ಹಾಕಿಕೊಳ್ಳುತ್ತಾನೆ.

ತಾಯಿ ಹಿಂದಿರುಗಿದರು. ಅವರಿಗೆ ಸೊಂಟನೋವು, ಮಂಚ ಒಗ್ಗದು. ನಡುಮನೆಯಲ್ಲಿ ಚಾಪೆಯ ಮೇಲೊಂದು ಜಮಖಾನ ಹಾಸಿ ಮಲಗುವುದು ಅವರ ರೂಢಿ. ಬಂದ ರಾತ್ರಿಯೇ ಪುಟ್ಟಿ ಅವರ ಕೈ ಹಿಡಿದೆಳೆದು, “ಅಜ್ಜಿ, ಮಂಚದ ಮೇಲೆ ಮಲಕ್ಕೋ” ಎಂದು ಹಟ ಹಿಡಿದಳು. ಮೊಮ್ಮಗಳಿಗೆ ಎಷ್ಟು ಅಕ್ಕರೆಯೆಂದು ನಾವೆಲ್ಲ ಹಿಗ್ಗಿದೆವು. ತಾಯಿ ಎರಡು ರಾತ್ರಿ ಮಂಚದ ಮೇಲೆ ನಿದ್ದೆಯಿಲ್ಲದೆ ಹೊರಳಿ, ಮೂರನೆಯ ರಾತ್ರಿ ಮಗು ಮಲಗಿದ ಮೇಲೆ ಸದ್ದಿಲ್ಲದೆ ಚಾಪೆಗೆ ಇಳಿದರು. ಸರಿರಾತ್ರಿ ನೀರು ಕುಡಿಯುವುದಕ್ಕೆಂದು ಎದ್ದು ಬಂದೆ. ಪುಟ್ಟಿ ಅಜ್ಜಿಯ ತಲೆದೆಸೆಯಲ್ಲಿ ಗೋಡೆಗೊರಗಿ ಕುಳಿತಿದ್ದಾಳೆ. ಅಜ್ಜಿಯ ಸೆರಗಿನ ಚುಂಗನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದಾಳೆ. ಕುಳಿತಲ್ಲೇ ತೂಕಡಿಸುತ್ತಿದ್ದಾಳೆ. ಎತ್ತಿಕೊಳ್ಳಲು ಹೋದೆ, ಬೆಚ್ಚಿಬಿದ್ದು ಕಣ್ಣು ಬಿಟ್ಟಳು.

“ಅಪ್ಪ, ಬಂದಿದ್ನಾ?”

“ಯಾರಮ್ಮ?”

“ಗೋಣಿತಾತ. ಅಜ್ಜಿ ನೆಲದ ಮೇಲೆ ಇದ್ದಾಳಲ್ಲ.”

ನಿಯಮವನ್ನು ಅವಳು ನನಗಿಂತ ಸರಿಯಾಗಿ ಓದಿದ್ದಳು. ನೆಲದ ಮೇಲಿರುವುದೆಲ್ಲ ಅವನದು ಎಂದವನು ನಾನು. ಆ ‘ಎಲ್ಲ’ ಎಂಬ ಪದದಲ್ಲಿ ನನ್ನ ತಾಯಿ ಇದ್ದಾರೆಂಬುದು ನನ್ನ ತಲೆಗೆ ಬಂದಿರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿದ್ದೆ ಬಾರದ ಅಧ್ಯಾಪಕ ಮಾಡುವ ಕೆಲಸವನ್ನೇ ಮಾಡಿದೆ; ಪುಸ್ತಕಗಳ ಕಪಾಟಿನ ಮುಂದೆ ನಿಂತೆ. ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ ತಾಯಂದಿರನ್ನು ಎಚ್ಚರಿಸುತ್ತಾನೆ: ದೇವತೆಗಳು ವೇಷ ಮರೆಸಿಕೊಂಡು ರಾತ್ರಿಯಲ್ಲಿ ತಿರುಗುತ್ತಾರೆಂದು ಹೇಳಿ ಮಕ್ಕಳನ್ನು ಹೆದರಿಸಬೇಡಿ, ದೇವರಿಗೂ ಅಪಚಾರ, ಮಕ್ಕಳೂ ಹೇಡಿಗಳಾಗುತ್ತಾರೆ. ಬಲು ಒಳ್ಳೆಯ ಮಾತು. ಆದರೆ ಅದೇ ಪ್ಲೇಟೋ ಮೂರನೆಯ ಭಾಗಕ್ಕೆ ಬರುವ ಹೊತ್ತಿಗೆ, ರಾಜ್ಯದ ಹಿತಕ್ಕಾಗಿ ಆಳುವವರು ಇಡೀ ಪ್ರಜೆಗಳಿಗೆ ಒಂದು ಉದಾತ್ತ ಸುಳ್ಳನ್ನು ಹೇಳಬಹುದೆಂದು ಒಪ್ಪಿಬಿಡುತ್ತಾನೆ. ತಾಯಿಗಿಲ್ಲದ ರಿಯಾಯಿತಿ ದೊರೆಗೆ! ರೂಸೋ 1762ರಲ್ಲಿ ಹೊರಬಂದ ತನ್ನ ‘ಎಮಿಲ್’ನಲ್ಲಿ ಮಕ್ಕಳಿಗೆ ನೀತಿಕಥೆಗಳನ್ನು ಕಲಿಸುವುದೇ ಬೇಡ ಎನ್ನುತ್ತಾನೆ. ಕಾಗೆ ನರಿಯ ಕಥೆಯನ್ನು ಓದಿದ ಮಗು ಕಾಗೆಯಂತೆ ಮರುಳಾಗಬಾರದೆಂಬ ಪಾಠವನ್ನು ಕಲಿಯುವುದಿಲ್ಲವಂತೆ. ಕಾಗೆಯನ್ನು ಕಂಡು ನಕ್ಕು ನರಿಯನ್ನು ಮೆಚ್ಚುತ್ತದಂತೆ. ರೂಸೋವಿನ ಅತಿರೇಕಗಳನ್ನು ಕಂಡು ನಾನು ಹಿಂದೆ ನಕ್ಕದ್ದುಂಟು. ಆ ರಾತ್ರಿ ನಗು ಬರಲಿಲ್ಲ. ಕಥೆ ಹೇಳುವುದು ನಮ್ಮ ಕೈಯಲ್ಲಿದೆ. ಕೇಳಿದ ಮಗು ಅದನ್ನು ಹಿಡಿದು ಎಲ್ಲಿಗೆ ಹೋಗುತ್ತದೆಂಬುದು ನಮ್ಮ ಕೈಯಲ್ಲಿಲ್ಲ.

ನಮ್ಮವರು ಇದಕ್ಕೇನೆನ್ನುತ್ತಾರೆ? ಮಹಾಭಾರತದ ಆದಿಪರ್ವದಲ್ಲಿ ಶರ್ಮಿಷ್ಠೆ ಯಯಾತಿಗೆ ಪಾಪವಲ್ಲದ ಐದು ಸುಳ್ಳುಗಳ ಪಟ್ಟಿ ಕೊಡುತ್ತಾಳೆ. ಪರಿಹಾಸದ ಸುಳ್ಳಿಗೂ ಅದರಲ್ಲಿ ಸ್ಥಾನವಿದೆ. ಮದುವೆಯ ಕಾಲದ್ದು, ಪ್ರಾಣಾಪಾಯದ್ದು, ಸರ್ವಸ್ವವೂ ಹೋಗುವಾಗಿನದು ಎಲ್ಲವೂ ಇವೆ. ಕೊಟ್ಟ ಮಾತಿಗೆ ಕಟ್ಟುಬಿದ್ದ ದೊರೆಯನ್ನು ಒಲಿಸಿಕೊಳ್ಳುವುದಕ್ಕೆ ಅವಳು ಇದನ್ನು ಹೇಳುತ್ತಿದ್ದಾಳೆಂಬುದನ್ನು ಮರೆಯಬಾರದು. ಅಷ್ಟು ಧಾರಾಳವಾದ ಪಟ್ಟಿಯಲ್ಲಿಯೂ ಮಕ್ಕಳಿಗೆ ಹೇಳುವ ಸುಳ್ಳಿಗೆ ಬೇರೆ ಜಾಗವಿಲ್ಲ. ಅದಕ್ಕೆ ಬದಲಾಗಿ ಅದೇ ಆದಿಪರ್ವದಲ್ಲಿ ಒಂದು ಕಥೆಯಿದೆ. ಬಡ ದ್ರೋಣನ ಮಗ ಅಶ್ವತ್ಥಾಮನಿಗೆ ಹಾಲಿನ ಆಸೆ. ಉಳ್ಳವರ ಮಕ್ಕಳು ನೀರಿಗೆ ಹಿಟ್ಟು ಕಲಸಿ ಕೊಟ್ಟರು; ಕುಡಿದ ಹುಡುಗ ಹಾಲು ಕುಡಿದೆನೆಂದು ಕುಣಿದಾಡಿದ; ಸುತ್ತ ನಿಂತವರು ನಕ್ಕರು. ಜನರ ಬಾಯಲ್ಲಿರುವ ಕಥೆ ಬೇರೆ: ಅಲ್ಲಿ ಹಿಟ್ಟಿನ ನೀರು ಕೊಡುವವಳು ಹೆತ್ತ ತಾಯಿ. ಲೋಟದೊಳಗಿರುವುದು ಎರಡು ಕಡೆಯೂ ಒಂದೇ. ತಾಯಿ ಕೊಟ್ಟಾಗ ನಮಗೆ ಕಣ್ಣು ಒದ್ದೆಯಾಗುತ್ತದೆ. ಹುಡುಗರು ಕೊಟ್ಟಾಗ ಮೈ ಉರಿಯುತ್ತದೆ. ಮುಂದೆ ಇದೇ ದ್ರೋಣನನ್ನು ಕೊಲ್ಲಿಸಿದ್ದು ಕೂಡ ಅಶ್ವತ್ಥಾಮನ ಹೆಸರಿನಲ್ಲಿ ಹೇಳಿದ ಅರ್ಧ ಸುಳ್ಳೇ. ಮಗನನ್ನು ಹಿಟ್ಟಿನ ನೀರಿನಿಂದ ಮೋಸಗೊಳಿಸಿದ ಲೋಕ ತಂದೆಯನ್ನು ಮಗನ ಹೆಸರಿನಿಂದ ಮೋಸಗೊಳಿಸಿತು. ಇದನ್ನು ಹತ್ತು ಸಲ ಪಾಠ ಹೇಳಿದ್ದರೂ ಎರಡು ಘಟನೆಗಳನ್ನು ಜೊತೆಯಲ್ಲಿಟ್ಟು ನಾನು ನೋಡಿರಲಿಲ್ಲ.

ಸಂತ ಆಗಸ್ಟೀನನು ಸುಮಾರು ಕ್ರಿ.ಶ. 395ರಲ್ಲಿ ಸುಳ್ಳನ್ನು ಕುರಿತೇ ಒಂದು ಗ್ರಂಥ ಬರೆದ. ಯಾವ ಒಳ್ಳೆಯದಕ್ಕಾಗಿಯೂ ಸುಳ್ಳು ಹೇಳಕೂಡದೆಂಬ ಕಟ್ಟಾ ಪಕ್ಷ ಅವನದು. ಅಂಥವನೂ ಪರಿಹಾಸದ ಮಾತನ್ನು ಸುಳ್ಳಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಕಾರಣವೇನೆಂದರೆ, ಹೇಳುವವನ ದನಿ, ಅವನ ಮುಖಭಾವಗಳೇ ‘ಇದು ಆಟ’ ಎಂದು ಸಾರುತ್ತವೆ. ಇದನ್ನೋದಿದಾಗ ನನ್ನ ಅಪರಾಧಕ್ಕೆ ಹೆಸರು ಸಿಕ್ಕಿತು. ಗೋಣಿತಾತನನ್ನು ಮೊದಲ ರಾತ್ರಿ ವರ್ಣಿಸಿದಾಗ ನನ್ನ ದನಿಯಲ್ಲಿ ಆಟವಿತ್ತು. ಪುಟ್ಟಿ ಕಣ್ಣರಳಿಸಿದ್ದು ಆ ಆಟಕ್ಕೇ ಇರಬೇಕು. ಮರುದಿನ ಬೆಳಿಗ್ಗೆ ಮಂಚದ ಕೆಳಗೆ ಬಗ್ಗಿ ಹುಡುಕಿದಾಗ ಇರಲಿಲ್ಲ. ಆಗ ನಾನು ಸಾಕ್ಷ್ಯ ಸೃಷ್ಟಿಸುತ್ತಿದ್ದೆ. ಕಥೆಗೆ ಸಾಕ್ಷ್ಯ ಬೇಡ. ಸಾಕ್ಷ್ಯವನ್ನು ತಯಾರಿಸಹೊರಟೊಡನೆ ಅದು ಕಥೆಯಾಗಿ ಉಳಿಯುವುದಿಲ್ಲ.

ಪುರಂದರದಾಸರ ಗುಮ್ಮನ ಕೀರ್ತನೆಯನ್ನು ಕೇಳದ ಕನ್ನಡಿಗರು ಕಡಮೆ. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣ ತಾಯಿಯನ್ನು ಬೇಡುತ್ತಾನೆ, ಇನ್ನು ಜಾಣನಾಗಿರುತ್ತೇನೆಂದು ಮಾತು ಕೊಡುತ್ತಾನೆ. ನಮಗೆ ಅದು ಸವಿ ಏಕೆಂದರೆ ಹೆದರಿಸುವವಳಿಗಿಂತ ಹೆದರುವವನು ಬಲ್ಲಿದನೆಂಬುದು ಕೇಳುವವರಿಗೆಲ್ಲ ಗೊತ್ತು; ಯಶೋದೆಯೊಬ್ಬಳಿಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಹೆದರುವವಳು ಬ್ರಹ್ಮಾಂಡಗಳನ್ನು ಹೊತ್ತವಳಲ್ಲ, ಅಜ್ಜಿಯ ಸೆರಗನ್ನು ಮಣಿಕಟ್ಟಿಗೆ ಸುತ್ತಿಕೊಂಡ ಐದು ವರ್ಷದ ಹುಡುಗಿ.

ಬೆಳಗಾಗುವ ಹೊತ್ತಿಗೆ ನನ್ನಲ್ಲಿ ಒಂದು ಸಿದ್ಧಾಂತ ತಯಾರಾಗಿತ್ತು. ನಮ್ಮ ತಾಯಿಗೆ ಲಕ್ಷ್ಮಿಯಲ್ಲಿ ನಂಬಿಕೆಯಿದೆ. ಆದ್ದರಿಂದ ಅವರು ಹೇಳಿದ್ದು ಸತ್ಯ. ನನಗೆ ಗೋಣಿತಾತನಲ್ಲಿ ನಂಬಿಕೆಯಿಲ್ಲ. ಆದ್ದರಿಂದ ನಾನು ಹೇಳಿದ್ದು ಸುಳ್ಳು. ವಾಕ್ಯದ ಸತ್ಯಾಸತ್ಯ ಆಡುವವನ ಮನಸ್ಸಿನಲ್ಲಿದೆ. ಇದನ್ನು ವಿಸ್ತರಿಸಿ ಒಂದು ಲೇಖನ ಬರೆಯಬಹುದೆಂದೂ ಅನ್ನಿಸಿತು. ಕಾಫಿಯ ಹೊತ್ತಿಗೆ ಆ ಸಿದ್ಧಾಂತ ಸತ್ತಿತು.

ನಾನು ಅಟ್ಟ ಹತ್ತಿ ಮೂರು ಆಟಿಕೆಗಳನ್ನೂ ಇಳಿಸಿ ತಂದೆ. ಪುಟ್ಟಿಯನ್ನು ಕೂರಿಸಿಕೊಂಡು, ಗೋಣಿತಾತ ಎಂಬೊಬ್ಬನಿಲ್ಲ, ನಾನೇ ತೆಗೆದಿಟ್ಟಿದ್ದೆ, ತಪ್ಪಾಯಿತು ಎಂದೆ. ಗಿಳಿಯನ್ನು ಕಂಡು ಕುಣಿಯುತ್ತಾಳೆಂದು ಎಣಿಸಿದ್ದೆ. ಅವಳು ಗಿಳಿಯನ್ನು ಮುಟ್ಟಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತ, “ನೀನೂ ಹುಡುಕಿದೆಯಲ್ಲ ಅಪ್ಪ?” ಎಂದಳು. ಮಂಚದ ಕೆಳಗೆ ಬೆರಳು ಮಾಡಿ, “ಅಲ್ಲಿ ಹುಡುಕಿದೆಯಲ್ಲ?” ಎಂದಳು. ಈ ಪ್ರಶ್ನೆಗೆ ಉತ್ತರ ಪ್ಲೇಟೋವಿನಲ್ಲಿಯೂ ಇಲ್ಲ, ಆಗಸ್ಟೀನನಲ್ಲಿಯೂ ಇಲ್ಲ. ಹೌದಮ್ಮ, ಹುಡುಕಿದಂತೆ ಮಾಡಿದೆ ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಅಜ್ಜಿಯ ಕಡೆ ತಿರುಗಿದಳು.

“ಹಾಗಾದ್ರೆ ಲಕ್ಷ್ಮಿ?”

ನನ್ನ ಎದೆ ಧಸಕ್ಕೆಂದಿತು. ನಾನು ಹೇಳಿದ ಒಂದು ಸುಳ್ಳಿಗೆ ತಾಯಿಯವರ ಲಕ್ಷ್ಮಿಯೂ ದಂಡ ತೆರಬೇಕಾಗಿ ಬಂದಿತ್ತು. ಅವರು ಈಗ ‘ಬರುತ್ತಾಳೆ, ಖಂಡಿತ ಬರುತ್ತಾಳೆ’ ಎಂದು ದೃಢವಾಗಿ ನುಡಿಯುತ್ತಾರೆಂದೇ ಕಾದೆ. ತಾಯಿ ಬಾಳೆನಾರಿಗೆ ಮಲ್ಲಿಗೆ ಕಟ್ಟುತ್ತಿದ್ದರು. ಕೈ ನಿಲ್ಲಿಸದೆ, “ನಾನು ನೋಡಿಲ್ಲ ಕಣಮ್ಮ” ಎಂದರು. “ನಮ್ಮಮ್ಮನೂ ನೋಡಿರಲಿಲ್ಲ. ಬಂದರೆ ಎಡವಬಾರದು ಅಂತ, ನಿನ್ನಷ್ಟು ಉದ್ದ ಇದ್ದಾಗಿನಿಂದ ದಾರಿ ಬಿಟ್ಟುಕೊಂಡು ಬಂದಿದ್ದೀನಿ.”

ಪುಟ್ಟಿಗೆ ಇದು ಸಾಕಾಯಿತು. ನನಗೆ ಸಾಕಾಗಲಿಲ್ಲ. ನಂಬಿಕೆಯ ಬಂಡೆಯೆಂದು ನಾನು ತಿಳಿದಿದ್ದ ತಾಯಿ, ನೋಡಿಲ್ಲ ಎಂದು ಇಷ್ಟು ಹಗುರಾಗಿ ಹೇಳಿಬಿಟ್ಟರು. ನಂಬಿಕೆಯೇ ಸತ್ಯದ ಆಧಾರವೆಂಬ ನನ್ನ ಸಿದ್ಧಾಂತ ಹೋಯಿತು. ಹಾಗಿದ್ದರೆ ಅವರ ಮಾತಿಗೂ ನನ್ನ ಮಾತಿಗೂ ಇದ್ದ ಅಂತರವೇನು?

ಆಗ ನೆನಪಿಗೆ ಬಂದದ್ದು ನನ್ನ ಬಾಲ್ಯದ ಒಂದು ರಾತ್ರಿ. ನಮ್ಮ ಕಡೆಯ ಮನೆಗಳಲ್ಲಿ ನವರಾತ್ರಿಗೆ ಬೊಂಬೆ ಕೂರಿಸುತ್ತಾರೆ. ಮೆಟ್ಟಲು ಕಟ್ಟಿ ಬಿಳಿ ಪಂಚೆ ಹಾಸಿ, ಎಲ್ಲಕ್ಕಿಂತ ಮೇಲೆ ಪಟ್ಟದ ಬೊಂಬೆಗಳು, ರಾಜ ರಾಣಿ. ಕೆಳಗೆ ದಶಾವತಾರ, ಶೆಟ್ಟಿ ದಂಪತಿ, ತರಕಾರಿಯಂಗಡಿ, ಹುಲ್ಲು ಮೊಳೆಸಿದ ಕಾಡು, ಕನ್ನಡಿಯ ಕೆರೆ. ಒಂಬತ್ತು ದಿನ ನೆರೆಹೊರೆಯ ಮಕ್ಕಳ ದಂಡು. ಚರಪಿನ ಡಬ್ಬಿಯ ಸುತ್ತ ಇರುವೆಯಂತೆ ನಾವು. ಹತ್ತನೆಯ ದಿನ ವಿಜಯದಶಮಿ. ಅಂದು ರಾತ್ರಿ ಆರತಿಯಾದ ಮೇಲೆ ಒಂದು ಬೊಂಬೆಯನ್ನು ಮಲಗಿಸಬೇಕು. ಅದರೊಡನೆ ಎಲ್ಲ ಬೊಂಬೆಗಳೂ ಮಲಗಿದಂತೆ ಲೆಕ್ಕ. ಮಾರನೆಯ ದಿನ ಅವುಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುವುದು ನಮ್ಮ, ಎಂದರೆ ಮಕ್ಕಳ, ಕೆಲಸ. ನೂರಕ್ಕೆ ಹತ್ತಿರ ಬೊಂಬೆಗಳು, ಮಣ್ಣಿನವು, ಎಂಟು ಹತ್ತು ವರ್ಷದ ಹುಡುಗರ ಕೈ. ಒಂದನ್ನೂ ಒಡೆಯುತ್ತಿರಲಿಲ್ಲ. ಏಕೆಂದರೆ ಅವು ಮಲಗಿದ್ದವು. ನಾವು ಪಿಸುಮಾತಿನಲ್ಲಿ ಜಗಳವಾಡುತ್ತಿದ್ದೆವು. ಶೆಟ್ಟಿಯನ್ನು ಶೆಟ್ಟಿಯ ಹೆಂಡತಿಯ ಪಕ್ಕದಲ್ಲಿಯೇ ಇಡಬೇಕು, ಇಲ್ಲದಿದ್ದರೆ ನಡುವೆ ಎದ್ದಾಗ ಹುಡುಕುತ್ತಾನೆ ಎಂದು ನನ್ನ ಅಕ್ಕ. ಹುಲಿಯನ್ನು ಹಸುವಿನ ಹತ್ತಿರ ಮಲಗಿಸಬಾರದೆಂದು ನಾನು. ಮಣ್ಣಿಗೆ ನಿದ್ದೆಯಿಲ್ಲವೆಂಬುದು ನಮಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಗೊತ್ತಿದ್ದೂ ದನಿ ತಗ್ಗಿಸುತ್ತಿದ್ದೆವು.

ನಾನು ಹೇಳಹೊರಟದ್ದು ಒಂದು ವರ್ಷದ ವಿಜಯದಶಮಿಯ ರಾತ್ರಿ. ಮಕ್ಕಳಿಗೆಲ್ಲ ನೆಗಡಿ ಜ್ವರ, ಬೇಗ ಮಲಗಿಸಿದ್ದರು. ನನಗೆ ಮಧ್ಯೆ ಎಚ್ಚರವಾಯಿತು. ಬಾಗಿಲ ಸಂದಿಯಿಂದ ನಡುಮನೆಯ ದೀಪ ಕಾಣುತ್ತಿತ್ತು. ತಾಯಿ ಒಬ್ಬರೇ ಬೊಂಬೆಯ ಮೆಟ್ಟಲ ಮುಂದೆ ನಿಂತಿದ್ದರು. ದಿನವೆಲ್ಲ ದುಡಿದು ಸೋತ ಮುಖ. ಪಟ್ಟದ ರಾಣಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡು ಮೆಲ್ಲಗೆ ಮಲಗಿಸಿದರು;
ಮಲಗಿಸಿ, ಅದರ ತಲೆಯ ಕೆಳಗೆ ಪಂಚೆಯ ಅಂಚನ್ನು ಸ್ವಲ್ಪ ಮಡಿಸಿ ಎತ್ತರಿಸಿದರು. ಮಗುವಿಗೆ ದಿಂಬು ಸರಿಮಾಡಿದ ಹಾಗೆ. ಆಮೇಲೆ ಹೆಜ್ಜೆಯ ಸದ್ದಾಗದಂತೆ ದೀಪದ ಬಳಿ ಹೋಗಿ ಆರಿಸಿದರು. ನೋಡುವುದಕ್ಕೆ ಅಲ್ಲಿ ಮಗುವೊಂದೂ ಇರಲಿಲ್ಲ. ಅಥವಾ ಇಲ್ಲವೆಂದು ಅವರು ತಿಳಿದಿದ್ದರು.

ಅವರು ನಮಗೆ ಹೇಳಿದ ಕಥೆಯೊಳಗೆ ಅವರೂ ವಾಸವಾಗಿದ್ದರು. ಲಕ್ಷ್ಮಿ ಬರುವ ಹೊತ್ತಿಗೆ ಪುಟ್ಟಿಯ ಲಾರಿ ಮಾತ್ರ ಮೂಲೆ ಸೇರಿದರೆ ಸಾಲದು. ಅವರ ಹೂವಿನ ಬುಟ್ಟಿ, ಬತ್ತಿಯ ಹತ್ತಿ, ಕನ್ನಡಕದ ಡಬ್ಬಿ ಎಲ್ಲವೂ ಸೇರುತ್ತವೆ. ದೀಪ ಹಚ್ಚಿದ ಮೇಲೆ ಅವರು ಕಸ ಗುಡಿಸುವುದಿಲ್ಲ, ತಲೆ ಬಾಚುವುದಿಲ್ಲ. ಲಕ್ಷ್ಮಿಗೆ ಜ್ಯೇಷ್ಠೆಯೆಂಬ ಅಕ್ಕನಿದ್ದಾಳೆ. ಕಾಗೆಯ ಬಾವುಟ, ಕತ್ತೆಯ ವಾಹನ. ಕೊಳೆ ಕಲಹಗಳಿರುವ ಮನೆಯೇ ಅವಳಿಗೆ ಪ್ರಿಯ. ತಾಯಿಗೆ ಅವಳ ಪರಿಚಯವೂ ಚೆನ್ನಾಗಿಯೇ ಇದೆ. ಹಾಲುಕ್ಕಿಸಿದ ದಿನ ‘ಮೂದೇವಿ’ ಎಂಬ ಅವಳ ಬಿರುದು ನನಗೇ ಸಿಕ್ಕಿದೆ. ಆದರೆ ಮಗುವಿನ ಮುಂದೆ ಅವಳನ್ನು ಅವರು ಒಮ್ಮೆಯೂ ಕರೆದಿಲ್ಲ. ಪುಟ್ಟಿ ಒಂದು ಗೇಣು ಸಾಕೆಂದು ಚೌಕಾಸಿ ಮಾಡಬಹುದಾಗಿತ್ತು, ಅಜ್ಜಿ ನೆರಿಗೆಯ ಮಾತೆತ್ತಿ ಮರುಚೌಕಾಸಿ ಮಾಡಬಹುದಾಗಿತ್ತು. ಗೋಣಿತಾತನೊಡನೆ ಯಾರು ಚೌಕಾಸಿ ಮಾಡಬೇಕು? ಅವನು ಮಾತನಾಡುವವನೇ ಅಲ್ಲ. ಮಾತನಾಡುವವನು ನಾನು; ನಾನಾದರೋ ಮಂಚದ ಕೆಳಗೆ ಸುಳ್ಳುಸುಳ್ಳೇ ಹುಡುಕುತ್ತಿದ್ದೆ. ಇನ್ನೂ ಒಂದು ಮಾತು. ನನ್ನ ಕುರ್ಚಿಯ ಸುತ್ತ ನೆಲದ ಮೇಲೆ ವಾರದ ಪತ್ರಿಕೆಗಳು, ಬಿಚ್ಚಿಟ್ಟ ಪುಸ್ತಕಗಳು, ನಿನ್ನೆಯ ಕಾಲುಚೀಲಗಳು ಸದಾ ಬಿದ್ದಿರುತ್ತವೆ. ಅಷ್ಟು ರಾತ್ರಿಗಳಲ್ಲಿ ಗೋಣಿತಾತ ಅವುಗಳಲ್ಲಿ ಒಂದನ್ನೂ ಒಯ್ಯಲಿಲ್ಲ. ಪುಟ್ಟಿ ಇದನ್ನು ಗಮನಿಸಿದ್ದಳೆ? ಆಗ ನನಗೆ ತಿಳಿಯಲಿಲ್ಲ.

ಗಿಳಿ ಮೂರು ದಿನ ಮೇಜಿನ ಮೇಲೆ ಹಾಗೆಯೇ ಇದ್ದು, ನಾಲ್ಕನೆಯ ದಿನ ಅವಳ ಕೈಗೆ ಮರಳಿತು. ತಾಯಿ ಚಾಪೆಯ ಮೇಲೆ ನೆಮ್ಮದಿಯಾಗಿ ಮಲಗತೊಡಗಿದರು. ನಡುಮನೆ ಮತ್ತೆ ಕುರುಕ್ಷೇತ್ರವಾಯಿತು. ಸಂಜೆ ಮಾತ್ರ ಲಕ್ಷ್ಮಿಗೆ ದಾರಿ, ಕೆಲವು ದಿನ ಮೂರು ಗೇಣು, ಕೆಲವು ದಿನ ಒಂದೇ. ಸಹೋದ್ಯೋಗಿಗಳಿಬ್ಬರಿಗೂ ನಡೆದದ್ದನ್ನು ಹೇಳಿದೆ. ಒಬ್ಬರು ಗೋಣಿತಾತನನ್ನು ಕಳಿಸಿಬಿಟ್ಟರು. ಇನ್ನೊಬ್ಬರು ನಕ್ಕು, ತಮ್ಮ ಮಗು ಅಷ್ಟು ಸೂಕ್ಷ್ಮವಲ್ಲ ಎಂದರು.

ಕಳೆದ ತಿಂಗಳು ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ಮನೆಗೆ ಬಂದಿದ್ದವು, ಬಿ.ಎ. ಎರಡನೆಯ ವರ್ಷದವು, ಅರವತ್ತೆರಡು. ರಾತ್ರಿ ಹನ್ನೊಂದರವರೆಗೆ ತಿದ್ದಿ, ಕಟ್ಟನ್ನು ಕುರ್ಚಿಯ ಪಕ್ಕದಲ್ಲಿ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಕಟ್ಟು ಇಲ್ಲ. ಒಂಬತ್ತೂವರೆಗೆ ನಾನು ಕಾಲೇಜಿನಲ್ಲಿರಬೇಕು. ಕಪಾಟು, ಮೇಜು, ಚೀಲ ಎಲ್ಲವನ್ನೂ ತಡಕಾಡಿದೆ. ಹೆಂಡತಿ ನೋಡಿಲ್ಲವೆಂದಳು. ಪುಟ್ಟಿ ಬಾಗಿಲಲ್ಲಿ ನಿಂತು ಗಿಳಿಯ ಕೊಕ್ಕನ್ನು ಕಚ್ಚುತ್ತಿದ್ದಳು.

“ನೀನು ಕಂಡೆಯಾ ಪುಟ್ಟಿ?”

“ಎಲ್ಲಿಟ್ಟಿದ್ದೆ?”

“ಇಲ್ಲೇ, ಕೆಳಗೆ.”

“ಕೆಳಗೇನಾ?” ಎಂದಳು. “ಅಯ್ಯೋ, ಹಾಗಾದ್ರೆ ಗೋಣಿತಾತ ತಗೊಂಡು ಹೋದ ಅಂತ ಕಾಣುತ್ತೆ.”

ನಾನು ಅವಳ ದನಿಯನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಕೇಳಿಕೊಂಡೆ, ಮುಖವನ್ನು ದೀಪದ ಬೆಳಕಿಗೆ ತಿರುಗಿಸಿ ನೋಡಿದೆ. ಆಗಸ್ಟೀನ್ ಹೇಳುವ ಗುರುತು ಯಾವುದೂ ಸಿಕ್ಕಲಿಲ್ಲ. ಅವಳು ನನ್ನ ಜೊತೆ ಹುಡುಕಲು ಬಂದಳು. ಮಂಚದ ಕೆಳಗೆ ಬಗ್ಗಿ ನೋಡಿದಳು. ನಾನೂ ಮೊಣಕಾಲೂರಿ ಬಗ್ಗಿದೆ. ಗಂಟೆ ಒಂಬತ್ತಾಯಿತು. ನಡುಮನೆಯಲ್ಲಿ ತಾಯಿ ಚಾಪೆಯ ಮೇಲೆ ಕುಳಿತು ಹೂ ಕಟ್ಟುತ್ತಿದ್ದರು. ಎಂದಿಗಿಂತ ಆ ಹೊತ್ತು ಸ್ವಲ್ಪ ಎತ್ತರದಲ್ಲಿ ಕುಳಿತಂತೆ ಕಾಣುತ್ತಿದ್ದರು. ಎಷ್ಟು ಸಲ ನಾನು ಆ ಕಡೆ ಹೋದರೂ ಏಳಲೇ ಇಲ್ಲ.